ಅಂಗೈಯಗಲದ ನಿಸರ್ಗಚಿತ್ರ: ಘಟಪ್ರಭೆಯ ದಂಡೆಯಿಂದ ಒಂದು ಚರಿತ್ರೆ

ಘಟಪ್ರಭಾ ನದಿಯು ಸಹ್ಯಾದ್ರಿಯಲ್ಲಿ ಹುಟ್ಟಿ, ಮೂಡಣ ದಿಕ್ಕಿಗೆ ಹರಿದು, ಹುಕ್ಕೇರಿಯ ಸೀಮೆಯನ್ನು ದಾಟುವವರೆಗೆ ಹೆಚ್ಚು ಸದ್ದುಗದ್ದಲವಿಲ್ಲದ ಹೊಳೆಯಾಗಿಯೇ ಇರುವುದು. ಗೋಕಾಕ ಪಟ್ಟಣವು ಇನ್ನು ಸುಮಾರು 6 ಕಿಲೋಮೀಟರು ಇರುವಾಗ ಅದರ ಕಾಲಡಿಯ ನೆಲವು ಒಮ್ಮೆಗೇ ತಪ್ಪಿಹೋಗುವುದು. ಕುದುರೆಯ ಲಾಳದಂತೆ ಬಾಗಿದ ಬಂಡೆಯ ಅಂಚಿನಿಂದ ನೀರೆಲ್ಲವೂ 170 ಅಡಿಗಳಷ್ಟು ಕೆಳಗೆ ಬೀಳುವುದು. ಆ ಸೀಮೆಯ ಜನ ಇದನ್ನು ಧಬಧಬೆ ಎನ್ನುವರು. ಕಿವಿಯಿಂದ ಕೇಳಿ ಇಟ್ಟ ಹೆಸರು ಅದು. ಮಳೆಗಾಲದಲ್ಲಿ ಕಾವಿಮಣ್ಣು ಕಲಸಿದಂತಿರುವ ಪ್ರವಾಹ, ಕೆಳಗಿನಿಂದ ಏಳುವ ತುಂತುರಿನ ಹೊಗೆ, ದಂಡೆಯ ಮೇಲೆ ಚಾಲುಕ್ಯರ ಕಾಲದ ಶೈಲಿಯ ಮಹಾಲಿಂಗೇಶ್ವರ ದೇವಾಲಯ, ಅದರ ಹತ್ತಿರವೇ ಗಿರಣಿಯ ಕಟ್ಟಡಗಳು, ನೀರಿನ ಮೇಲೆ 200 ಮೀಟರಿಗೂ ಮಿಗಿಲಾದ ಉದ್ದದ ತೂಗುಸೇತುವೆ: ಇಷ್ಟೆಲ್ಲವೂ ಒಂದೇ ನೋಟದಲ್ಲಿ ಕಣ್ಣಿಗೆ ಬೀಳುವುವು.

ಇಂತಹ ನೋಟವನ್ನು ಅಂಗೈಯಗಲದ ಕಾಗದದ ಮೇಲೆ ಇಳಿಸಬೇಕೆಂಬ ಆಸೆ ಮನುಷ್ಯನಿಗೆ ಎಂದು ಹುಟ್ಟಿತು, ನಮ್ಮ ಕನ್ನಡ ನಾಡಿಗೆ ಅದು ಯಾವ ದಾರಿಯಿಂದ ಬಂದಿತು, ಯಾವ ಯಾವ ಸಾಧನಗಳನ್ನು ಹಿಡಿದು ಬಂದಿತು ಎಂಬುದನ್ನು ಈ ಭಾಷಣದಲ್ಲಿ ವಿಚಾರಿಸಬೇಕೆಂದಿರುವೆವು. ಇದು ಬರಿಯ ವಿನೋದದ ವಿಚಾರವೆಂದು ಶ್ರೋತೃಗಳು ಎಣಿಸಬಾರದು. ಘಟಪ್ರಭೆಯ ಮುಖವು ಕಳೆದ ನೂರೈವತ್ತು ವರ್ಷಗಳಲ್ಲಿ ಮೂರು ಸಲ ಬದಲಾಗಿರುವುದು. ಮೊದಲು 1887ರಲ್ಲಿ ಜಲಪಾತದ ನೀರಿನ ಬಲದಿಂದ ನೂಲಿನ ಗಿರಣಿ ನಡೆಯತೊಡಗಿತು. ಅದೇ ಶತಮಾನದ ಕೊನೆಯ ಭಾಗದಲ್ಲಿ ಮೇಲುಗಡೆ ಧೂಪದಾಳದಲ್ಲಿ ಒಡ್ಡು ನಿಂತು ಕಾಲುವೆಗೆ ನೀರು ತಿರುಗಿತು. ಬಳಿಕ ಹುಕ್ಕೇರಿ ತಾಲ್ಲೂಕಿನ ಹಿಡಕಲ್ಲಿನಲ್ಲಿ ದೊಡ್ಡ ಅಣೆಕಟ್ಟೆ ಎದ್ದು 1977ರಲ್ಲಿ ಪೂರ್ಣವಾಯಿತು; ಇಂದು ರಾಜಾ ಲಖಮಗೌಡ ಜಲಾಶಯವೆಂದು ಹೆಸರಾದ ಅದರಲ್ಲಿ ಸುಮಾರು 51 ಟಿ.ಎಂ.ಸಿ. ನೀರು ನಿಲ್ಲುವುದು. ಈಗ ಜಲಪಾತವು ತುಂಬಿ ಬೀಳುವುದು ಮಳೆಗಾಲದ ಕೆಲವು ವಾರಗಳು ಮಾತ್ರ. ಬೇಸಗೆಯಲ್ಲಿ ಹೋದವರಿಗೆ ಕಾಣುವುದು ಬಂಡೆ. ಹೀಗಿರುವಾಗ, ಹಿಂದೆ ಆ ಹೊಳೆ ಹೇಗಿತ್ತೆಂದು ಕಣ್ಣಿನ ಸಾಕ್ಷಿ ಬೇಕಾದವನು ಯಾವುದನ್ನು ನೆಚ್ಚಬೇಕು? ಶಾಸನವು ದಾನವನ್ನು ಹೇಳುವುದು, ಬೆಳಕನ್ನು ಹೇಳದು. ದಫ್ತರದ ಕಾಗದವು ಎಕರೆಯನ್ನು ಲೆಕ್ಕ ಹಾಕುವುದು, ನೀರಿನ ಬಣ್ಣವನ್ನು ಬರೆಯದು. ಆ ಕೆಲಸಕ್ಕೆ ಚಿತ್ರವೇ ಆಗಬೇಕು.

ಸಾಧನಗಳ ಕೊರತೆಯಿಂದ ಇಲ್ಲಿ ಚಿತ್ರ ಹುಟ್ಟಲಿಲ್ಲವೆನ್ನುವಂತಿಲ್ಲ. ಗೋಕಾಕಿನಲ್ಲಿ ಚಿತ್ರಕಾರನಿಗೆ ಬೇಕಾದ ಸಾಮಗ್ರಿಯೆಲ್ಲವೂ ಒಂದೇ ಊರಿನಲ್ಲಿ ಸೇರಿತ್ತು. ಈ ಊರಿನ ಹೆಸರು 1047ರ ಶಾಸನದಲ್ಲಿಯೇ ಬಂದಿರುವುದು. 1685ರಲ್ಲಿ ಇದು ಒಂದು ಸರ್ಕಾರಿನ, ಎಂದರೆ ಒಂದು ಪ್ರಾಂತದ, ಮುಖ್ಯ ಸ್ಥಳವಾಗಿತ್ತು. 1717ರಿಂದ 1754ರವರೆಗೆ ಸವಣೂರಿನ ನವಾಬರ ಕೈಯಲ್ಲಿದ್ದು, ಆಮೇಲೆ ಮರಾಠರಿಗೆ ಸೇರಿ, ಪಟವರ್ಧನ ಮನೆತನದ ಗೋವಿಂದರಾಯರು ತೀರಿಹೋದ ಮೇಲೆ 1836ರಲ್ಲಿ ಇಂಗ್ಲಿಷರ ವಶವಾಯಿತು. ರಾಜಕೀಯದ ಈ ಏರಿಳಿತವನ್ನು ಇಲ್ಲಿಗೇ ಬಿಡುವೆವು. ನಮಗೆ ಬೇಕಾದುದು ಕೇರಿಗಳ ಚರಿತ್ರೆ. ಹಿಂದೆ ಇಲ್ಲಿ ನೂಲಿಗೆ ಬಣ್ಣ ಹಾಕುವವರೂ ನೇಯುವವರೂ ಬಹಳವಾಗಿದ್ದರು. ಒರಟು ಬಗೆಯ ಕಾಗದವನ್ನು ಇಲ್ಲಿ ದೊಡ್ಡ ಪ್ರಮಾಣದಲ್ಲಿ ತಯಾರಿಸುತ್ತಿದ್ದರೆಂದು ಇಂಗ್ಲಿಷರ ಕಾಲದ ಗೆಜೆಟಿಯರು ಬರೆದಿರುವುದು. ಅದೇ ಪುಸ್ತಕವು, ಹಗುರವಾದ ಮರದಿಂದಲೂ ಸುತ್ತಣ ನೆಲದಲ್ಲಿ ಸಿಗುವ ಒಂದು ಬಗೆಯ ಮಣ್ಣಿನಿಂದಲೂ ಮನುಷ್ಯರ, ಹಣ್ಣುಗಳ, ಕಾಯಿಪಲ್ಯಗಳ ಆಟಿಕೆಗಳನ್ನು ಮಾಡುವರೆಂದೂ ಹೇಳುವುದು. ಬಣ್ಣ, ಕಾಗದ, ಮರ, ಮಣ್ಣು: ಈ ನಾಲ್ಕೂ ಇದ್ದ ಮೇಲೆ ಇನ್ನೇನು ಬೇಕು?

ಆಟಿಕೆಗಳ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದು ಆವಶ್ಯಕ. ಇಂದು ಗೋಕಾಕಿಗೆ ಹೋದವರು ಕರದಂಟನ್ನು ಕಟ್ಟಿಸಿಕೊಂಡು ಬರುವರು. ಒಂದು ಕಾಲದಲ್ಲಿ ಕರದಂಟಿನ ಸಂಗಡ ಬಣ್ಣದ ಹಣ್ಣುಗಳ ಬುಟ್ಟಿಯೂ ಬರುತ್ತಿತ್ತು. ಇವುಗಳನ್ನು ಮಾಡಿದವರು ಜೀನಗಾರ ಮನೆತನದವರು. ಜೀನು ಎಂದರೆ ಕುದುರೆಯ ತಡಿ. ದಂಡಿನ ಕಾಲ ಮುಗಿದು ತಡಿಗೆ ಗಿರಾಕಿಯಿಲ್ಲವಾದಾಗ ಈ ಕುಶಲಿಗಳ ಕೈ ಬೊಂಬೆಗಳ ಕಡೆಗೆ ಹೆಚ್ಚು ತಿರುಗಿರಬೇಕೆಂದು ನಾವು ಊಹಿಸುವೆವು. ಮರವನ್ನು ಕೆತ್ತಿ, ಸಂದುಗಳನ್ನು ಮುಚ್ಚಿ, ಬಿಳಿಯ ತಳವನ್ನು ಕೊಟ್ಟು, ಅದರ ಮೇಲೆ ಬಣ್ಣವನ್ನು ಹಚ್ಚುವುದು ಇವರ ಕ್ರಮ. ಮಾವಿನಕಾಯಿಯ ಹಸುರು ಎಲ್ಲಿ ಹಳದಿಗೆ ತಿರುಗುವುದು, ಹಳದಿಯು ತೊಟ್ಟಿನ ಬಳಿ ಎಲ್ಲಿ ಕೆಂಪಾಗುವುದು ಎಂಬುದನ್ನು ಒಂದರೊಳಗೊಂದು ಕರಗುವಂತೆ ಹಚ್ಚಿದ ಆ ಬಣ್ಣವನ್ನು ನೋಡಿದವರು, ಸೀತಾಫಲದ ಕಣ್ಣುಗಳ ನಡುವಣ ಬಿಳುಪನ್ನು ನೋಡಿದವರು, ಇದು ನಿಸರ್ಗವನ್ನು ಎದುರಿಗಿಟ್ಟುಕೊಂಡು ಕಲಿತ ವಿದ್ಯೆಯೆಂದು ಒಪ್ಪದೆ ಇರಲಾರರು. ಹೀಗಿದ್ದರೂ ಇವರನ್ನು ಚಿತ್ರಕಾರರೆಂದು ಕಲಾಚರಿತ್ರೆಯವರು ಕರೆಯಲಿಲ್ಲ. ಮಾಡಿದ್ದು ಮಕ್ಕಳ ಕೈಗೆ ಕೊಡುವ ವಸ್ತುವಾದುದರಿಂದ ಕೈಕಸುಬಿನ ಪಟ್ಟಿಯಲ್ಲಿ ಸೇರಿಸಿ ಸುಮ್ಮನಾದರು. ಇದು ನಮಗೆ ನ್ಯಾಯವಾಗಿ ತೋರುವುದಿಲ್ಲ.

ಹಣ್ಣನ್ನು ಇಷ್ಟು ಸೂಕ್ಷ್ಮವಾಗಿ ನೋಡಿದ ಕಣ್ಣು ಹಣ್ಣು ಬೆಳೆದ ತೋಟವನ್ನು, ತೋಟದ ಆಚೆಗಿನ ಹೊಳೆಯನ್ನು ಪ್ರತ್ಯೇಕವಾದ ಚಿತ್ರವಾಗಿ ಏಕೆ ಕಾಣಲಿಲ್ಲ? ಇದಕ್ಕೆ ಉತ್ತರವನ್ನು ಹುಡುಕಬೇಕಾದರೆ ನಮ್ಮ ಹಳೆಯ ಚಿತ್ರಶಾಸ್ತ್ರದ ಕಡೆಗೆ ತಿರುಗಬೇಕು.

ವಿಷ್ಣುಧರ್ಮೋತ್ತರವೆಂಬ ಪುರಾಣದ ಚಿತ್ರಸೂತ್ರ ಭಾಗದಲ್ಲಿ ನಿಸರ್ಗವನ್ನು ಬರೆಯುವ ನಿಯಮಗಳಿವೆ. ಸ್ಟೆಲ್ಲಾ ಕ್ರಾಮ್ರಿಶ್ ಎಂಬ ವಿದುಷಿಯು 1924ರಲ್ಲಿ ಅದನ್ನು ಇಂಗ್ಲಿಷಿಗೆ ತಂದ ಮೇಲೆ ಅದರ ಪರಿಚಯ ಹೆಚ್ಚಿತು. ಮೀನು, ಆಮೆ, ತಾವರೆಗಳಿಂದ ನೀರನ್ನು ತೋರಿಸಬೇಕು. ಬಂಡೆ, ಮರ, ಝರಿಗಳಿಂದ ಬೆಟ್ಟವನ್ನು ತೋರಿಸಬೇಕು. ಮೋಡ, ಮಿಂಚು, ಮಳೆಬಿಲ್ಲುಗಳಿಂದ ಮಳೆಗಾಲವನ್ನು ತೋರಿಸಬೇಕು. ದೀಪಗಳು ಮಂಕಾಗಿರುವುದರಿಂದ ಬೆಳಗಾಯಿತೆಂದು ತಿಳಿಸಬೇಕು. ಎಷ್ಟು ಜಾಣ್ಮೆಯ ಮಾತುಗಳಿವು! ಆದರೆ ಗಮನಿಸತಕ್ಕದ್ದೇನೆಂದರೆ, ಇಲ್ಲಿ ಹೇಳಿರುವುದು ಕುರುಹುಗಳ ಮಾತು. ಮೀನು ಆಮೆಗಳಿಂದ ನೋಡುವವನಿಗೆ ಇದು ಹೊಳೆಯೆಂದು ತಿಳಿಯುವುದು; ಘಟಪ್ರಭೆಯೋ ಕಾವೇರಿಯೋ, ಶ್ರಾವಣದ ಹೊಳೆಯೋ ಮಾಘದ ಹೊಳೆಯೋ ತಿಳಿಯದು. ತಿಳಿಯಬೇಕಾಗಿಯೂ ಇರಲಿಲ್ಲ. ದೇವರೋ ನಾಯಕನೋ ಮುಂದೆ ನಿಂತಿರುವಾಗ ಹಿಂದಿನ ಹೊಳೆಯು ಹೊಳೆಯೆಂದು ಗೊತ್ತಾದರೆ ಸಾಕಾಗಿತ್ತು.

ಕನ್ನಡ ನಾಡಿನ ಅರಸನೇ ಬರೆದ ಗ್ರಂಥವೊಂದುಂಟು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ ಮಾನಸೋಲ್ಲಾಸವನ್ನು ಮೈಸೂರಿನ ಪ್ರಾಚ್ಯ ಗ್ರಂಥಾಲಯವು 1926ರಲ್ಲಿ ಅಭಿಲಷಿತಾರ್ಥಚಿಂತಾಮಣಿ ಎಂಬ ಹೆಸರಿನಿಂದ ಮುದ್ರಿಸತೊಡಗಿತು. ಇದರ ಚಿತ್ರಪ್ರಕರಣದಲ್ಲಿ ಸಾಧನಗಳ ವಿಚಾರ ಬಹಳ ಚೆನ್ನಾಗಿದೆ. ಎಮ್ಮೆಯ ತೊಗಲನ್ನು ಕಾಯಿಸಿ ಮಾಡಿದ ವಜ್ರಲೇಪವೆಂಬ ಅಂಟು, ಅದನ್ನು ಬಿಳಿಯ ಮಣ್ಣಿನೊಡನೆ ಕಲಸಿ ಗೋಡೆಗೆ ಕೊಡುವ ತಳ, ಕಾಡಿಗೆಯನ್ನು ಅನ್ನದೊಡನೆ ಅರೆದು ಹೊಸೆದ ಬರೆಯುವ ಬತ್ತಿ, ಕರುವಿನ ಕಿವಿಯ ಕೂದಲಿನ ಕುಂಚ, ದಪ್ಪ ನಡುತರ ಸಣ್ಣ ಎಂಬ ಕುಂಚದ ಮೂರು ಬಗೆ: ಹೀಗೆ ಅರಸನು ಕೈಯಾರೆ ಮಾಡಿ ನೋಡಿದವನಂತೆ ಬರೆದಿರುವನು. ಬಣ್ಣಗಳಲ್ಲಿ ಶಂಖದ ಬಿಳುಪು, ಇಂಗಳೀಕ, ಕಾವಿಕಲ್ಲು, ಅರಗು, ಹರಿತಾಳ, ನೀಲಿ, ಕಾಡಿಗೆ ಇವು ಮುಖ್ಯ. ಕನ್ನಡಿಯಲ್ಲಿ ಕಂಡಂತೆ ಸಾದೃಶ್ಯವಾಗಿ ಬರೆದುದನ್ನು ಅವನು ವಿದ್ಧಚಿತ್ರವೆಂದು ಕರೆದಿರುವನು. ಗೋಕಾಕಿನ ಜಲಪಾತದ ಬಳಿಯ ದೇವಾಲಯಗಳ ಶೈಲಿಯೂ ಹೆಚ್ಚುಕಡಿಮೆ ಇದೇ ಯುಗದ್ದು. ಆದುದರಿಂದ ವಿದ್ಯೆಯೂ ಇತ್ತು, ಬಣ್ಣವೂ ಇತ್ತು, ಸಾದೃಶ್ಯವೆಂಬ ಕಲ್ಪನೆಯೂ ಇತ್ತು. ಇಲ್ಲದಿದ್ದುದು, ಜನರಿಲ್ಲದ ಒಂದು ಸ್ಥಳವೇ ಚಿತ್ರದ ನಾಯಕನಾಗಬಹುದು ಎಂಬ ಎಣಿಕೆ.

ಆ ಎಣಿಕೆಯು ನಮ್ಮಲ್ಲಿಗೆ ದಂಡಿನವರ ಜೊತೆಯಲ್ಲಿ ಬಂದಿತು. ಇದನ್ನು ಹೇಳಲು ನಾವು ಹಿಂಜರಿಯಬೇಕಾಗಿಲ್ಲ. ಹದಿನೆಂಟನೆಯ ಶತಮಾನದಲ್ಲಿ ಇಂಗ್ಲೆಂಡಿನ ಸೈನಿಕ ಶಾಲೆಗಳಲ್ಲಿ ಚಿತ್ರ ಬರೆಯುವುದು ಕಡ್ಡಾಯದ ಪಾಠವಾಗಿತ್ತು. ವುಲಿಚ್ ಎಂಬಲ್ಲಿ ಪಾಲ್ ಸ್ಯಾಂಡ್‌ಬಿ ಎಂಬ ಜಲವರ್ಣದ ಹಿರಿಯ ಕಲಾವಿದನೇ 1768ರಿಂದ ಉಪಾಧ್ಯಾಯನಾಗಿದ್ದನು. ಈಸ್ಟ್ ಇಂಡಿಯಾ ಕಂಪೆನಿಯು 1809ರಲ್ಲಿ ಅಡಿಸ್ಕಂಬಿನಲ್ಲಿ ತೆರೆದ ಶಾಲೆಯಲ್ಲಿಯೂ ಈ ಪಾಠವಿತ್ತು. ಬೆಟ್ಟ ಎಲ್ಲಿ ಇಳಿಯುವುದು, ಹೊಳೆ ಎಲ್ಲಿ ದಾಟಲು ಬರುವುದು, ಕೋಟೆಯ ಯಾವ ಮೂಲೆ ದುರ್ಬಲ ಎಂಬುದನ್ನು ನಿಂತಲ್ಲಿಯೇ ಬರೆದುಕೊಳ್ಳುವುದಕ್ಕೆ ಅವರಿಗೆ ಈ ವಿದ್ಯೆ ಬೇಕಾಗಿತ್ತು. ಇದಕ್ಕೆ ಸರಿಯಾಗಿ ಸಾಧನವೂ ಒದಗಿತು. ಅದುವರೆಗೆ ಚಿತ್ರಕಾರನು ಬಣ್ಣವನ್ನು ತಾನೇ ಅರೆದು ಅಂಟು ಕಲಸಿಕೊಳ್ಳಬೇಕಾಗಿತ್ತು. ಲಂಡನ್ನಿನ ರೀವ್ಸ್ ಸೋದರರು ನೀರು ತಾಕಿದೊಡನೆ ಕರಗುವ ಬಣ್ಣದ ಬಿಲ್ಲೆಗಳನ್ನು ಮಾಡಿ 1781ರಲ್ಲಿ ಅಲ್ಲಿನ ಕಲಾಸಂಘದಿಂದ ಬೆಳ್ಳಿಯ ಬಹುಮಾನವನ್ನು ಪಡೆದರು. ಈ ಬಿಲ್ಲೆಗಳ ಪೆಟ್ಟಿಗೆಯು ಕುದುರೆಯ ಜೀನಿನ ಚೀಲದಲ್ಲಿ ಹಿಡಿಯುವಂತಹುದು. ಆ ಪೆಟ್ಟಿಗೆಯೊಳಗೆ ‘ಇಂಡಿಗೊ’ ಎಂದೂ, ‘ಇಂಡಿಯನ್ ರೆಡ್’ ಎಂದೂ, ‘ಇಂಡಿಯನ್ ಯೆಲ್ಲೋ’ ಎಂದೂ ಹೆಸರುಗಳಿದ್ದುವು. ನಮ್ಮ ದೇಶದ ಬಣ್ಣವೇ ಸಮುದ್ರ ದಾಟಿ ಹೋಗಿ, ಬಿಲ್ಲೆಯಾಗಿ ತಿರುಗಿ ಬಂದುದು ಒಂದು ಸೋಜಿಗ.

ಚಿತ್ರ ಚಿಕ್ಕದಾದುದಕ್ಕೂ ಇಲ್ಲಿಯೇ ಕಾರಣವಿರುವುದು. ಪ್ರಯಾಣದಲ್ಲಿರುವವನು ದೊಡ್ಡ ಹಲಗೆಯನ್ನು ಹೊತ್ತು ನಡೆಯಲಾರ. ಅದಕ್ಕಿಂತ ಮುಖ್ಯವಾದುದು ಬೆಳಕಿನ ಮಾತು. ಸೂರ್ಯನು ಒಂದು ಗಳಿಗೆಯಲ್ಲಿ ನೆರಳುಗಳನ್ನು ಅತ್ತಿತ್ತ ಸರಿಸಿಬಿಡುವನು. ಅಷ್ಟರೊಳಗೆ ಮುಗಿಯಬೇಕಾದ ಚಿತ್ರವು ಅಂಗೈಯಷ್ಟೇ ಇರಬೇಕು. ಕೋಣೆಯಲ್ಲಿ ಕುಳಿತು ಬರೆದ ದೊಡ್ಡ ಚಿತ್ರದಲ್ಲಿ ಹಲವು ದಿನಗಳ ನೆನಪು ಸೇರಿರುವುದು; ಚಿಕ್ಕ ಚಿತ್ರದಲ್ಲಿ ಒಂದು ಹೊತ್ತು ಮಾತ್ರ ಇರುವುದು. ಚರಿತ್ರಕಾರನು ಎರಡನೆಯದನ್ನು ಹೆಚ್ಚು ನಂಬುವನು.

ಈ ಬಗೆಯ ನೋಟದಿಂದ ನಮ್ಮ ನಾಡಿನಲ್ಲಿ ಮೊದಲು ಪ್ರಸಿದ್ಧವಾದವು ಮೈಸೂರಿನ ಯುದ್ಧಗಳ ಕಾಲದ ಚಿತ್ರಗಳು. ರಾಬರ್ಟ್ ಹೋಮ್ ಎಂಬವನು 1794ರಲ್ಲಿ ಮೈಸೂರು ಸೀಮೆಯ ನೋಟಗಳ ಪುಸ್ತಕವನ್ನು ಹೊರಡಿಸಿದನು. ಫಿರಂಗಿ ದಳದ ಜೇಮ್ಸ್ ಹಂಟರನ ಚಿತ್ರಗಳು ಅವನು ತೀರಿಹೋದ ಮೇಲೆ 1805ರಲ್ಲಿ ಅಚ್ಚಾದುವು. ಉತ್ತರದಲ್ಲಿ, ಸುರಪುರದ ಸಂಸ್ಥಾನದೊಡನೆ ಹೆಸರು ಬೆಸೆದುಕೊಂಡಿರುವ ಮೆಡೋಸ್ ಟೇಲರನ ದಕ್ಷಿಣಾಪಥದ ಚಿತ್ರಗಳು 1837ರಲ್ಲಿ ಕಲ್ಲಚ್ಚಿನಲ್ಲಿ ಬಂದುವು. ಗೋಕಾಕಿನ ಜಲಪಾತದ ವಿಷಯವಾಗಿ ನೆನೆಯತಕ್ಕವನು ಮದರಾಸು ಸೈನ್ಯದ ಕ್ಯಾಪ್ಟನ್ ನ್ಯೂಬೋಲ್ಡ್. ಅವನು 1840ರ ದಶಕದಲ್ಲಿ ಪ್ರಕಟಿಸಿದ ಭೂಗರ್ಭಶಾಸ್ತ್ರದ ಟಿಪ್ಪಣಿಗಳಿಂದಾಗಿ ಈ ಸ್ಥಳವು ವಿದ್ವಾಂಸರ ಗಮನಕ್ಕೆ ಬಂದಿತು. ಬಂಡೆಯ ಜಾತಿ, ಪದರಗಳ ಜೋಡಣೆ, ನೀರು ಕೊರೆದ ಬಗೆ ಇವು ಅಂತಹ ಬರವಣಿಗೆಯ ವಿಷಯಗಳು. ಇದು ಕುಂಚವಿಲ್ಲದ ಚಿತ್ರ. ಆದರೂ ಕಣ್ಣು ಒಂದೇ: ನಿಂತು, ಅಳೆದು, ಇದೇ ಸ್ಥಳವನ್ನು ಇದ್ದಂತೆಯೇ ಬರೆದುಕೊಳ್ಳುವ ಕಣ್ಣು. ಇದೇ ಕಣ್ಣು ನಲವತ್ತು ವರ್ಷಗಳ ಬಳಿಕ ಅದೇ ನೀರಿನ ಬೀಳಿನಲ್ಲಿ ಎಷ್ಟು ಕದಿರುಗಳನ್ನು ತಿರುಗಿಸುವ ಬಲವಿದೆಯೆಂದು ಲೆಕ್ಕ ಹಾಕಿತು. ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಆ ಗಿರಣಿಯಲ್ಲಿ 20,000 ಕದಿರುಗಳೂ 2,000 ಕೆಲಸಗಾರರೂ ಇದ್ದರು. ಜಲಪಾತವನ್ನು ನೋಟವಾಗಿ ಕಂಡ ಬುದ್ಧಿಯೂ ಯಂತ್ರಶಕ್ತಿಯಾಗಿ ಕಂಡ ಬುದ್ಧಿಯೂ ಒಂದೇ ಹಡಗಿನಲ್ಲಿ ಬಂದುವೆಂಬುದನ್ನು ಮರೆತು ನಿಸರ್ಗಚಿತ್ರದ ಚರಿತ್ರೆಯನ್ನು ಬರೆಯುವುದು ಸರಿಯಾಗದು.

ವಿದೇಶೀಯರ ಕೈಯಿಂದ ನಮ್ಮವರ ಕೈಗೆ ಈ ವಿದ್ಯೆಯು ಶಾಲೆಗಳ ಮೂಲಕ ದಾಟಿತು. ಬೆಳಗಾವಿ, ಧಾರವಾಡ, ವಿಜಾಪುರಗಳು ಅಂದು ಮುಂಬಯಿ ಇಲಾಖೆಗೆ ಸೇರಿದ್ದುವು. 1857ರಲ್ಲಿ ಆರಂಭವಾದ ಮುಂಬಯಿಯ ಜೆ.ಜೆ. ಕಲಾಶಾಲೆಯೇ ಈ ಸೀಮೆಯ ಹುಡುಗರಿಗೆ ಕಾಶಿಯಾಯಿತು. ಅದಕ್ಕಿಂತಲೂ ವ್ಯಾಪಕವಾದುದು ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಎಂಬ ಡ್ರಾಯಿಂಗ್ ಪರೀಕ್ಷೆಗಳು. ಹೂವನ್ನೋ ಎಲೆಯನ್ನೋ ಎದುರಿಗಿಟ್ಟು ಬರೆಯಬೇಕಾದ ಪತ್ರಿಕೆಯೊಂದು ಇವುಗಳಲ್ಲಿ ಇತ್ತು. ತಾಲ್ಲೂಕಿನ ಶಾಲೆಯ ಹುಡುಗನೂ ಕಾಗದ, ಸೀಸದಕಡ್ಡಿ, ಬಣ್ಣದ ಪೆಟ್ಟಿಗೆಗಳನ್ನು ಹಿಡಿದು ಎದುರಿಗಿರುವುದನ್ನು ನೋಡಿ ಬರೆಯಲು ಕಲಿತುದು ಈ ಪರೀಕ್ಷೆಗಳ ದೆಸೆಯಿಂದ. ಪರೀಕ್ಷೆಗಾಗಿ ಕಲಿತ ವಿದ್ಯೆಯನ್ನು ಹಗುರವಾಗಿ ಕಾಣುವವರುಂಟು. ನಾವು ಹಾಗೆ ಕಾಣುವುದಿಲ್ಲ.

ನೆರೆಯ ಕೊಲ್ಲಾಪುರದಲ್ಲಿ ಅಬಾಲಾಲ ರಹಿಮಾನರು ಇದ್ದರು. ಜೆ.ಜೆ. ಶಾಲೆಯಲ್ಲಿ ಕಲಿತು, ಶಾಹೂ ಮಹಾರಾಜರ ಆಶ್ರಯವನ್ನು ಪಡೆದು, ಕೋಟಿತೀರ್ಥದ ಕೆರೆಯ ಬಳಿ ಬಡತನದಲ್ಲಿಯೇ ಬಾಳಿ 1931ರಲ್ಲಿ ತೀರಿಕೊಂಡ ಇವರು ಕೆರೆ, ಹೊಳೆ, ಘಾಟುಗಳ ಚಿತ್ರಗಳಿಂದ ಆ ಸೀಮೆಯ ಕಲಾವಿದರಿಗೆ ಗುರುಸ್ಥಾನದಲ್ಲಿರುವರು. ಘಟಪ್ರಭೆಯ ಮೇಲುಭಾಗಕ್ಕೆ ಕೊಲ್ಲಾಪುರವು ದೂರವಲ್ಲ. ರಾಜ್ಯಗಳ ಗಡಿಯು ಚಿತ್ರಕಾರರಿಗೆ ಎಂದೂ ಗಡಿಯಾಗಿರಲಿಲ್ಲ. ಬೆಳಗಾವಿಯಲ್ಲಿ ಕೆ.ಬಿ. ಕುಲಕರ್ಣಿಯವರು ಚಿತ್ರಮಂದಿರವೆಂಬ ಶಾಲೆಯನ್ನು ನಡೆಯಿಸಿ, ಮನುಷ್ಯರ ಮುಖವನ್ನೂ ನೆಲದ ಮುಖವನ್ನೂ ಸಮಾನವಾದ ಶ್ರದ್ಧೆಯಿಂದ ಬರೆಯುವ ಶಿಷ್ಯರನ್ನು ತಯಾರು ಮಾಡಿದರು. ಧಾರವಾಡದಲ್ಲಿ ಡಿ.ವಿ. ಹಾಲಭಾವಿಯವರು 1930ರ ದಶಕದಲ್ಲಿ ಕಲಾಶಾಲೆಯನ್ನು ತೆರೆದರು. ಹೀಗೆ ಬಂಡೆ, ಜೋಳದ ಹೊಲ, ಹಂಚಿನ ಮನೆ, ಸಂತೆಯ ಗಾಡಿ ಇವು ಚಿತ್ರಕ್ಕೆ ಯೋಗ್ಯವಾದ ವಸ್ತುಗಳೆಂದು ನಮ್ಮ ಜನ ಒಪ್ಪಿದರು.

ಆದರೂ ಕನ್ನಡಿಗರಲ್ಲಿ ಸಣ್ಣ ನಿಸರ್ಗಚಿತ್ರವನ್ನು ತಪಸ್ಸಿನಂತೆ ಕೈಕೊಂಡವರೆಂದರೆ ಮೈಸೂರಿನ ಕೆ. ವೆಂಕಟಪ್ಪನವರು. ಇವರು 1886ರಲ್ಲಿ ಅರಮನೆಯ ಚಿತ್ರಗಾರರ ಮನೆತನದಲ್ಲಿ ಹುಟ್ಟಿದರು. ನಾಲ್ವಡಿ ಕೃಷ್ಣರಾಜ ಒಡೆಯರವರ ಆಶ್ರಯದಿಂದ 1909ರಲ್ಲಿ ಕಲ್ಕತ್ತೆಗೆ ಹೋಗಿ, ಅವನೀಂದ್ರನಾಥ ಠಾಕೂರರ ಶಿಷ್ಯರಾಗಿ, 1916ರವರೆಗೆ ಅಲ್ಲಿದ್ದರು. ಕಾಗದವನ್ನು ಮತ್ತೆ ಮತ್ತೆ ನೀರಿನಲ್ಲಿ ನೆನೆಸಿ ಬಣ್ಣವನ್ನು ಮಂಜಿನಂತೆ ಹರಡುವ ಗುರುಗಳ ಪದ್ಧತಿಯಲ್ಲಿ ಪುರಾಣದ ಚಿತ್ರಗಳನ್ನು ಬರೆದು ಹೆಸರಾದರು. ಊರಿಗೆ ಮರಳಿದ ಮೇಲೆ ದಂತದ ಬಿಲ್ಲೆಯ ಮೇಲೆ ಮುಖಚಿತ್ರ ಬರೆದರು. ಗಾರೆಯಲ್ಲಿ ಉಬ್ಬುಚಿತ್ರ ಮಾಡಿದರು. ವರ್ಷಗಟ್ಟಲೆ ವೀಣೆಯನ್ನು ಅಭ್ಯಾಸ ಮಾಡಿದರು. ಇಷ್ಟು ಸಾಧನಗಳನ್ನು ಪರೀಕ್ಷಿಸಿದ ಮನುಷ್ಯನು 1920ರ ದಶಕದಲ್ಲಿ ಊಟಿಯ ಬೆಟ್ಟಕ್ಕೂ ಆಮೇಲೆ ಕೊಡೈಕನಾಲಿಗೂ ಹೋಗಿ, ಚಿಕ್ಕ ಕಾಗದದ ಮೇಲೆ ಜಲವರ್ಣದಲ್ಲಿ ಮೋಡ, ಕೆರೆ, ಬೆಳದಿಂಗಳುಗಳನ್ನು ಬರೆಯತೊಡಗಿದನು. ಮುಂಗಾರಿನ ಮೋಡಗಳು ಒಡೆದು ಚೆದುರುವುದನ್ನು ತೋರಿಸುವ ಚಿತ್ರವು 1926ರದು. ಅದರಲ್ಲಿ ದೇವರಿಲ್ಲ, ನಾಯಕನಿಲ್ಲ, ಮೀನು ಆಮೆಗಳ ಕುರುಹಿಲ್ಲ. ಬೆಟ್ಟ, ಮೋಡ, ಇವೆರಡರ ನಡುವೆ ನುಸುಳಿ ಬರುವ ಬೆಳಕು ಮಾತ್ರ ಇರುವುವು. ವಿಷ್ಣುಧರ್ಮೋತ್ತರವು ಮಿಂಚು, ಮಳೆಬಿಲ್ಲುಗಳಿಂದ ಗುರುತಿಸಿದ ಮಳೆಗಾಲವನ್ನು ಇವರು ಯಾವ ಚಿಹ್ನೆಯೂ ಇಲ್ಲದೆ ಗಾಳಿಯ ತೇವದಿಂದಲೇ ತೋರಿಸಿದರು.

ವೆಂಕಟಪ್ಪನವರ ಬಾಳಿನ ಉತ್ತರಾರ್ಧವು ಸುಖದ್ದಲ್ಲ. 1940ರಲ್ಲಿ ಆಶ್ರಯದಾತರಾದ ಮಹಾರಾಜರು ತೀರಿಕೊಂಡ ಬಳಿಕ ಅರಮನೆಯ ಕೆಲಸ ನಿಂತಿತು, ವ್ಯಾಜ್ಯವೂ ಬಂದಿತು, ಅವರು ಬೆಂಗಳೂರಿಗೆ ಬಂದು ಒಂಟಿಯಾಗಿ ಬಾಳಿ 1965ರಲ್ಲಿ ತೀರಿಕೊಂಡರು. ಅವರ ಚಿತ್ರಗಳನ್ನು ಇಟ್ಟ ಚಿತ್ರಶಾಲೆಯು 1975ರಲ್ಲಿ ಬೆಂಗಳೂರಿನಲ್ಲಿ ತೆರೆಯಿತು. ಅಲ್ಲಿ ನಿಂತು ನೋಡುವಾಗ, ಆ ಕಾಗದಗಳು ಎಷ್ಟು ಚಿಕ್ಕವೆಂಬುದೇ ಮೊದಲು ಮನಸ್ಸಿಗೆ ತಟ್ಟುವುದು. ಬೆಂಗಳೂರಿನಲ್ಲಿಯೇ ರುಮಾಲೆ ಚೆನ್ನಬಸವಯ್ಯನವರು (1910–1988) ಹೂ ಬಿಟ್ಟ ಮರಗಳನ್ನೂ ಬೀದಿಗಳನ್ನೂ ಜಲವರ್ಣ, ತೈಲವರ್ಣಗಳೆರಡರಲ್ಲಿಯೂ ಬರೆದರು. ಸ್ವಾತಂತ್ರ್ಯದ ಹೋರಾಟದಲ್ಲಿದ್ದು, ಪತ್ರಿಕೆ ನಡೆಯಿಸಿ, ಶಾಸನಸಭೆಯಲ್ಲಿ ಕುಳಿತವರು ಅವರು. ಅವರು ಬರೆದ ಎಷ್ಟೋ ಮರಗಳು ಇಂದು ನೆಲದ ಮೇಲಿಲ್ಲ, ಚಿತ್ರದಲ್ಲಿವೆ.

ಮತ್ತೆ ಘಟಪ್ರಭೆಗೆ ಬರೋಣ. ಇಲ್ಲಿ ಕುಳಿತು ಬರೆಯುವವನು ಯಾವ ಸಾಧನವನ್ನು ಹಿಡಿಯಬೇಕು? ಒಂದೊಂದು ಸಾಧನಕ್ಕೂ ಈ ಸ್ಥಳದೊಡನೆ ಒಂದೊಂದು ಜಗಳವುಂಟು.

ಜಲವರ್ಣದಲ್ಲಿ ಬಿಳುಪಿಗೆ ಬಣ್ಣವಿಲ್ಲ; ಕಾಗದವನ್ನು ಹಾಗೆಯೇ ಬಿಟ್ಟ ಎಡೆಯೇ ಬಿಳುಪು. ಆದುದರಿಂದ ಬೀಳುವ ನೀರನ್ನು ಬರೆಯುವುದೆಂದರೆ ನೀರನ್ನು ಬರೆಯದೆ ಬಿಟ್ಟು ಅದರ ಸುತ್ತಣ ಬಂಡೆಯನ್ನು ಬರೆಯುವುದು. ಊಟಿಯ ಮಂಜಿಗೆ ಒಪ್ಪುವ ಈ ಉಪಾಯವು ಆಷಾಢದ ಗೋಕಾಕಿಗೆ ಪೂರ್ತಿಯಾಗಿ ಒಪ್ಪುವುದಿಲ್ಲ. ಪ್ರವಾಹದ ದಿನಗಳಲ್ಲಿ ಇಲ್ಲಿನ ನೀರು ಬೆಳ್ಳಗಿರುವುದಿಲ್ಲ, ಕೆಂಗಂದು. ಕಾವಿಗೆ ಹಳದಿಮಣ್ಣನ್ನು ತುಸು ಸೇರಿಸಿ ತೆಳ್ಳಗೆ ಹರಿಸಿದರೆ ಆ ಬಣ್ಣ ಬರುವುದು. ಆದರೆ ತುಂತುರಿನ ತೇವದಲ್ಲಿ ಕಾಗದವು ಒಣಗದು. ಒಂದರ ಮೇಲೊಂದು ಲೇಪವನ್ನು ಕೊಡಲು ಹೋದರೆ ಎಲ್ಲವೂ ಕಲಸಿ ಕೆಸರಾಗುವುದು. ದೇವಾಲಯದ ಮಂಟಪದೊಳಗೆ ಕುಳಿತವನಿಗೆ ಈ ಕಷ್ಟ ಸ್ವಲ್ಪ ಕಡಿಮೆ. ತೈಲವರ್ಣಕ್ಕೆ ತೇವದ ಹೆದರಿಕೆಯಿಲ್ಲ. 1841ರಲ್ಲಿ ಜಾನ್ ರ‍್ಯಾಂಡ್ ಎಂಬ ಅಮೆರಿಕದ ಚಿತ್ರಕಾರನು ಹಿಂಡಿ ತೆಗೆಯುವ ತಗಡಿನ ಕೊಳವೆಯನ್ನು ಕಂಡುಹಿಡಿದ ಮೇಲೆ ಎಣ್ಣೆಯ ಬಣ್ಣವನ್ನು ಬಯಲಿಗೆ ಒಯ್ಯುವುದು ಸುಲಭವಾಯಿತು. ಪೆಟ್ಟಿಗೆಯ ಮುಚ್ಚಳದೊಳಗೆ ಸಿಕ್ಕಿಸಿದ ಸಣ್ಣ ಹಲಗೆಯ ಮೇಲೆ ದಪ್ಪನೆಯ ಬಣ್ಣದಲ್ಲಿ ನೀರಿನ ಭಾರವನ್ನೇ ತೋರಿಸಬಹುದು. ಈ ಬಣ್ಣದ ಜೀವವಾದ ಎಣ್ಣೆಯು ಅಗಸೆಯದು. ಬೆಳಗಾವಿ ಸೀಮೆಯ ಮನೆಗಳಲ್ಲಿ ರೊಟ್ಟಿಯ ಸಂಗಡ ಚಟ್ನಿಪುಡಿಯಾಗುವ ಅಗಸೆಯೇ ಅದು. ಒಣಬಣ್ಣದ ಕಡ್ಡಿಗಳು ಮಳೆಗಾಲದಲ್ಲಿ ಇಲ್ಲಿ ಕೆಲಸಕ್ಕೆ ಬಾರವು. ಮಾಘದಲ್ಲಿ, ಮೂಡಲಗಿಯ ಕಡೆಯ ಕಪ್ಪು ನೆಲದಲ್ಲಿ ಜೋಳವು ಹಣ್ಣಾಗಿ ಬಾಗಿದಾಗ, ಆ ಧೂಳಿನ ಹಳದಿಗೆ ಅವುಗಳಿಗಿಂತ ಉತ್ತಮವಾದುದಿಲ್ಲ. ಬೇಸಗೆಯ ಬಂಡೆಗೆ ಬರಿಯ ಮಸಿ ಸಾಕು. ಕಲ್ಲಿನ ಸೀಳುಗಳೂ ಅಡ್ಡಪದರಗಳೂ ಗೆರೆಯನ್ನೇ ಬೇಡುವುವು.

ಹುಕ್ಕೇರಿಯಲ್ಲಿ ವಿಜಾಪುರದ ಸುಲ್ತಾನರ ಕಾಲದ ಗುಂಬಜುಗಳಿವೆ. ಸಂಜೆಯ ಬಿಸಿಲಿನಲ್ಲಿ ಅವುಗಳ ಗುಂಡುಮೈಯ ನೆರಳನ್ನು ಸೀಸದಕಡ್ಡಿಯಿಂದ ಹಿಡಿಯುವುದು ಕಲಿಯುವವನಿಗೆ ಒಳ್ಳೆಯ ಪಾಠ. ಧೂಪದಾಳದ ಹಿನ್ನೀರಿನಲ್ಲಿ ಚಳಿಗಾಲಕ್ಕೆ ದೂರದೇಶದ ಕೊಕ್ಕರೆಗಳೂ ಕ್ರೌಂಚಗಳೂ ಬಂದಿಳಿಯುವುವು. 1974ರಲ್ಲಿ ಅದನ್ನು ಪಕ್ಷಿಧಾಮವೆಂದು ಸಾರಿದರು. ಗಿರಣಿಗೂ ಕಾಲುವೆಗೂ ಎಂದು ಕಟ್ಟಿದ ನೀರಿನಲ್ಲಿ ಹೊಸದೊಂದು ನೋಟವು ಹುಟ್ಟಿಕೊಂಡಿತು. ಬದಲಾವಣೆಯೆಲ್ಲವೂ ನಷ್ಟವೆಂದು ನಾವು ಹೇಳಲಾರೆವು. ಎಡದಂಡೆಯ ಕಾಲುವೆಯು ಹರಿದ ಕಡೆ ಕಬ್ಬಿನ ಹಸುರು ಎಷ್ಟೋ ಸಂಸಾರಗಳಿಗೆ ಅನ್ನವನ್ನು ಕೊಟ್ಟಿದೆ.

ಆದರೂ ಹಿಡಕಲ್ಲಿನ ಹಿನ್ನೀರಿನ ಮಾತು ಬೇರೆ. ಜಲಾಶಯವು ತುಂಬಿದಾಗ ಹೊಲ, ಮನೆ, ದಾರಿ, ಬಾವಿಗಳ ಸಂಗಡ ಹುನ್ನೂರಿನ ವಿಠ್ಠಲ ದೇವಾಲಯವೂ ಮುಳುಗಿತು. ಮಳೆ ಕೈಕೊಟ್ಟ ವರ್ಷಗಳ ಬೇಸಗೆಯಲ್ಲಿ ನೀರು ಬಹಳ ಕೆಳಗಿಳಿದಾಗ ಆ ಕಲ್ಲಿನ ಗುಡಿ ಮತ್ತೆ ಮೇಲೇಳುವುದು; ಸುತ್ತಲಿನ ಊರುಗಳ ಜನ ಕೆಸರನ್ನು ದಾಟಿ ನೋಡಲು ಬರುವರು. ಹಳೆಯ ಊರನ್ನು ಕಂಡ ಹಿರಿಯರು ಅಲ್ಲಿ ನಿಂತು, ಇಲ್ಲಿ ಬೀದಿಯಿತ್ತು, ಇಲ್ಲಿ ಆಲದ ಮರವಿತ್ತು ಎಂದು ಕೈಮಾಡಿ ತೋರಿಸುವುದುಂಟು. ಕೇಳುವ ಮಕ್ಕಳಿಗೆ ಕಾಣುವುದು ಒಡೆದ ಕೆಸರು ಮಾತ್ರ. ಆ ಬೀದಿಯನ್ನು, ಆ ಮರವನ್ನು ಶಾಲೆಯ ಹುಡುಗನೊಬ್ಬನು ಡ್ರಾಯಿಂಗ್ ಪರೀಕ್ಷೆಯ ಅಭ್ಯಾಸಕ್ಕೆಂದು ಒಂದು ಹಾಳೆಯ ಮೇಲೆ ಬಿಡಿಸಿ, ಮನೆಯವರು ಅದನ್ನು ಸಂಸಾರದ ಗಂಟಿನಲ್ಲಿ ಕಟ್ಟಿಕೊಂಡು ಹೊಸ ಊರಿಗೆ ಬಂದಿದ್ದರೆ, ಅದರ ಬೆಲೆಯನ್ನು ಕಟ್ಟುವವರು ಯಾರು? ಅಂತಹ ಹಾಳೆಗಳು ಹಳೆಯ ಟ್ರಂಕುಗಳಲ್ಲಿಯೂ ಶಾಲೆಯ ಕಪಾಟುಗಳಲ್ಲಿಯೂ ದೇವರಮನೆಯ ಗೋಡೆಯ ಮೇಲೆಯೂ ಇರಬಹುದು. ಅವುಗಳ ಹಿಂದೆ ಊರಿನ ಹೆಸರನ್ನೂ ತಿಂಗಳನ್ನೂ ಬರೆದು, ಗೆದ್ದಲು ಹತ್ತದಂತೆ ಇಡಬೇಕೆಂದು ಆ ಸೀಮೆಯ ಮನೆಯವರಲ್ಲಿ ನಮ್ಮ ಬಿನ್ನಹ. ಚಿತ್ರವು ಸೊಟ್ಟಗಿದ್ದರೂ ಚಿಂತೆಯಿಲ್ಲ. ಬಾವಿಯು ಗುಡಿಯ ಎಡಕ್ಕಿತ್ತೋ ಬಲಕ್ಕಿತ್ತೋ ಎಂಬುದನ್ನು ಹೇಳಿದರೆ ಸಾಕು.

ಗೋಕಾಕಿನ ಬಣ್ಣದ ಹಣ್ಣುಗಳಿಗೂ ಈಗ ಗಿರಾಕಿಗಳು ಕಡಿಮೆ. ಪ್ಲಾಸ್ಟಿಕ್ಕಿನ ಹಣ್ಣು ಅಗ್ಗವಾಗಿ ಸಿಗುವುದು, ಕೆಳಗೆ ಬಿದ್ದರೆ ಬಣ್ಣ ಚಕ್ಕೆಯೇಳದು. ಜೀನಗಾರರ ಮಾವಿನಹಣ್ಣನ್ನು ಕೈಯಲ್ಲಿ ಹಿಡಿದು ಹತ್ತಿರದಿಂದ ನೋಡಿದರೆ, ತೊಟ್ಟಿನ ಕೆಳಗೆ ಬಿಸಿಲು ಬಿದ್ದ ಕಡೆ ಕೆಂಪೂ ಎಲೆಯ ಮರೆಯಲ್ಲಿದ್ದ ಕಡೆ ಹಸುರೂ ಉಳಿದಿರುವುದು ಕಾಣುವುದು. ಮರವು ಎಲ್ಲಿ ನಿಂತಿತ್ತು, ಬೆಳಕು ಯಾವ ಕಡೆಯಿಂದ ಬಂದಿತು ಎಂಬ ಲೆಕ್ಕವನ್ನು ಆ ಕೈ ತಪ್ಪದೆ ಇಟ್ಟಿರುವುದು.